ಮಗಳ ಕ್ಯಾಮೆರಾ, ನಮ್ಮನೆಯ ಕಾಗೆ

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಇದು ಹೆಚ್ಚುಗಾರಿಕೆಯ ಮಾತಲ್ಲ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ, ಅದು ಇವರಿಗೆ ಮದುವೆಯಾದ ಮೊದಲ ತಿಂಗಳಲ್ಲೇ ಗೊತ್ತಾಗಿಹೋಯಿತು. ಆದರೆ ಸುಮ್ಮನಿರುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ. ಯಾರೂ ಕೇಳದೇ ಇದ್ದದ್ದನ್ನು ಹೇಳದಿದ್ದರೆ ಅದು ಸುಳ್ಳಾಗುವುದಿಲ್ಲ ಎಂದು ನಾನೇ ಒಂದು ನಿಯಮ ಮಾಡಿಕೊಂಡು ದೇವರ ಮುಂದೆ ಇಟ್ಟಿದ್ದೇನೆ. ದೇವರೂ ಈ ವಿಷಯದಲ್ಲಿ ಸುಮ್ಮನಿದ್ದಾನೆ. ಅಂದರೆ ಒಪ್ಪಿದ್ದಾನೆ ಎಂದೇ ನನ್ನ ತಿಳುವಳಿಕೆ.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಿಸಿ ಎಣಿಸುವುದು ನನ್ನ ರೂಢಿ. ಹಾಲು ಉಕ್ಕುವ ಮೊದಲೇ ನೋಡಿದೆ, ಒಂದು. ಕುಮಟೆಯ ಪೇಟೆಯಿಂದ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಎರಡು. ತೆಂಗಿನಕಾಯಿ ನಾನು ದಾಟಿಹೋದ ಮೇಲೆ ಬಿತ್ತು, ಇದನ್ನು ಎರಡೆಂದು ಹಿಡಿಯಬಹುದು. ಹೀಗೆ ಒಂದು ಕೈ ತುಂಬದ ದಿನವೇ ಇಲ್ಲ. ಅತ್ತೆಯವರ ತಿಥಿಯ ದಿನ ಮಾತ್ರ ಮಧ್ಯಾಹ್ನ ಎರಡು ಗಂಟೆಯಾಗುತ್ತ ಬಂದರೂ ನನ್ನ ಐದು ಬೆರಳೂ ನೆಟ್ಟಗೇ ಇದ್ದವು.

ಅದಕ್ಕೆಲ್ಲ ಮೂಲ ನಮ್ಮ ಮಗಳು ಮೇಘನಾ. ಕುಮಟೆಯಲ್ಲೇ ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾಳೆ. ಒಂದು ದಿನ ಊಟಕ್ಕೆ ಕೂತವಳು, "ಆಯಿ, ನಾ ವನ್ಯಜೀವಿ ಫೋಟೋ ತೆಗೂಕೆ ಕಲೀಬೇಕು" ಎಂದಳು. ನನ್ನ ಕಣ್ಣ ಮುಂದೆ ಬಂದದ್ದು ಹುಲಿ. "ಹುಲಿ ಹತ್ರ ಹೋಗೂದಿದ್ರೆ ಈ ಮನೆ ಹೊಸಿಲು ದಾಟೂದು ಬೇಡ" ಎಂದೆ. ಅವಳು ನಕ್ಕು, ಹುಲಿಯ ತನಕ ಹೋಗುವಷ್ಟು ಬಸ್ಸಿನ ಚಾರ್ಜೇ ತನ್ನ ಹತ್ತಿರ ಇಲ್ಲ ಎಂದಳು. ಬಡತನದಲ್ಲಿಯೂ ದೇವರ ಉಪಕಾರ ಇರುತ್ತದೆ ನೋಡಿ. ಆ ದಿನ ಅದನ್ನೂ ಒಂದು ಬೆರಳಿಗೆ ಸೇರಿಸಿದೆ.

ಹೊಸ ಕ್ಯಾಮೆರಾದ ಮಾತು ನಮ್ಮಂಥವರಿಗೆ ಆಗುವುದಲ್ಲ. ಇವರ ಆಫೀಸಿನಲ್ಲಿ ಕೆಲಸ ಮಾಡುವ ಭಟ್ಕಳದವರೊಬ್ಬರ ಅಣ್ಣನ ಮಗ ದುಬೈಯಲ್ಲಿದ್ದಾನೆ. ಅವನು ಹೊಸದು ಕೊಂಡು, ಹಳೆಯದನ್ನು ಊರಲ್ಲಿ ಬಿಟ್ಟುಹೋಗಿದ್ದನಂತೆ. ನಾವು ಮೂವರೂ ಒಂದು ರವಿವಾರ ಭಟ್ಕಳಕ್ಕೆ ಹೋದೆವು. ಆ ಮನೆಯ ತಾಯಿ ನಮಗೆ ಶರಬತ್ತು ಕೊಟ್ಟು, ಮೇಘನಾಳ ಕೈಯಲ್ಲಿ ಖರ್ಜೂರದ ಡಬ್ಬಿ ಇಟ್ಟು, ಮಗಳು ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ ಹಣವನ್ನು ಎಣಿಸದೇ ಕಪಾಟಿನಲ್ಲಿಟ್ಟರು. ಹೊರಡುವಾಗ, "ಹೆಣ್ಣು ಮಗು ಆಸೆ ಪಡ್ತದೆ, ತೊಗೊಂಡು ಹೋಗಿ. ಬೇಡ ಅನಿಸಿದ್ರೆ ಆರು ತಿಂಗಳೊಳಗೆ ವಾಪಸ್ ತನ್ನಿ, ಹಣ ಹಂಗೇ ಕೊಡ್ತೇನೆ" ಎಂದರು. ಎಷ್ಟು ಒಳ್ಳೆಯ ಹೆಂಗಸು! ಆದರೆ ಇವರು ಆ ಮನೆಯಿಂದ ತಂದದ್ದು ಕ್ಯಾಮೆರಾ ಅಲ್ಲ, ಆ ಕೊನೆಯ ಮಾತು. ಅಂದಿನಿಂದ ಮನೆಯಲ್ಲಿ ಅನ್ನ ತಳ ಹಿಡಿದರೂ, ಮಗಳು ಕಾಲೇಜಿಗೆ ತಡವಾದರೂ ಇವರದ್ದು ಒಂದೇ ಪಲ್ಲವಿ: "ಆರು ತಿಂಗಳು ಇನ್ನೂ ಆಗಿಲ್ಲ ಅಲ್ವಾ? ಒಂದು ಹೆಚ್ಚುಕಮ್ಮಿ ಆಗ್ಲಿ, ಸೀದಾ ಭಟ್ಕಳ."

ಕಲಿಕೆ ಶುರುವಾದದ್ದು ನನ್ನ ತವರು ಕಾಗಾಲದಲ್ಲಿ. ಅಘನಾಶಿನಿ ಇಳಿತಕ್ಕೆ ಹೋದಾಗ ಅಲ್ಲಿ ಕೆಸರಿನ ಮೇಲೆ ಹಕ್ಕಿಗಳ ಸಂತೆಯೇ ನೆರೆಯುತ್ತದೆ. ಮಗಳು ಮೊಳಕಾಲ ತನಕ ಹುಗಿದುಕೊಂಡು ಎರಡು ತಾಸು ನಿಂತಳು. ನಾನು ದಂಡೆಯ ಮೇಲೆ ಅವಳ ಚಪ್ಪಲಿ ಹಿಡಿದುಕೊಂಡು, ನೀರು ಏರಿ ಬರುತ್ತದೋ ಎಂದು ನೋಡುತ್ತ ಎಲ್ಲ ದೇವರನ್ನೂ ಕರೆದೆ. ಮನೆಗೆ ಬಂದು ನೋಡಿದರೆ ಫೋಟೋದ ತುಂಬ ಕೆಸರು, ನಡುವೆ ಕುಂಕುಮದ ಬೊಟ್ಟಿನಷ್ಟು ಒಂದು ಬಿಳಿ ಚುಕ್ಕಿ. "ಇದು ಬೆಳ್ಳಕ್ಕಿ" ಎಂದಳು. ನಾನು ಸುಮ್ಮನಿದ್ದೆ. ದೂರದ್ದನ್ನು ಹತ್ತಿರ ತರುವ ಉದ್ದನೆಯ ಲೆನ್ಸ್ ಬೇರೆಯೇ ಕೊಳ್ಳಬೇಕಂತೆ, ಅದಕ್ಕೆ ಕ್ಯಾಮೆರಾದ ಮೂರರಷ್ಟು ಬೆಲೆಯಂತೆ. ಅದರ ಮೇಲೆ ನಮ್ಮ ಕರಾವಳಿಯ ಹವೆ. ಲೆನ್ಸಿನ ಒಳಗೆ ಬೂಸ್ಟು ಹಿಡಿಯುತ್ತದೆ ಎಂದು ಅವಳಿಗೆ ಯಾರೋ ಹೇಳಿದರು. ಮನೆಯಲ್ಲಿ ಗಾಳಿಯಾಡದ ಡಬ್ಬಿ ಎಂದರೆ ಹಪ್ಪಳದ್ದೊಂದೇ. ಕ್ಯಾಮೆರಾ ಒಳಗೆ ಹೋಯಿತು, ಹಪ್ಪಳ ಹೊರಗೆ ಬಂದು ಮೆತ್ತಗಾಯಿತು. ಚಪ್ಪಲಿ ಅಂಗಡಿಯವನ ಹತ್ತಿರ ಡಬ್ಬಿಯೊಳಗೆ ಹಾಕುವ, ತೇವ ಹೀರುವ ಆ ಪುಟ್ಟ ಪುಟ್ಟ ಹರಳಿನ ಚೀಲಗಳನ್ನು ಕೇಳಿ ತಂದು ಕ್ಯಾಮೆರಾದ ಸುತ್ತ ಹಾಸಿದೆ. ಅಂದಿನಿಂದ ಆ ಕ್ಯಾಮೆರಾಕ್ಕೆ ಇಂಗಿನ ಪರಿಮಳ.

ಹತ್ತಿರ ಬಾರದ ಹಕ್ಕಿಯನ್ನು ಬಿಟ್ಟು ಹತ್ತಿರ ಬರುವುದರಿಂದ ಕಲಿಯಬೇಕು ಎಂದು ಮೊಬೈಲಿನಲ್ಲಿ ಪಾಠ ಹೇಳುವ ಯಾರೋ ಪುಣ್ಯಾತ್ಮರು ಹೇಳಿದರಂತೆ. ನಮ್ಮ ಮನೆಗೆ ದಿನವೂ ತಪ್ಪದೇ ಬರುವ ವನ್ಯಜೀವಿ ಎಂದರೆ ಕಾಗೆ. ನಾನು ಸೊಸೆಯಾಗಿ ಬಂದ ಮರುದಿನದಿಂದ ಬಾವಿ ಪಕ್ಕದ ಕಲ್ಲಿನ ಮೇಲೆ ಕಾಗೆಗೆ ಒಂದು ಮುಷ್ಟಿ ಅನ್ನ ಇಡದೇ ಉಂಡವಳಲ್ಲ. ಅತ್ತೆಯೇ ಕಲಿಸಿದ್ದು. "ಕಾಗೆಯೂ ವನ್ಯಜೀವಿನೇ ಆಯಿ, ಯಾರೂ ಅದನ್ನ ಸಾಕಿಲ್ವಲ್ಲ" ಎಂದಳು ಮಗಳು. ಹೌದಲ್ಲ ಎನಿಸಿತು. ಮಧ್ಯಾಹ್ನದ ಬಿಸಿಲು ಕರಿ ಬಣ್ಣಕ್ಕೆ ಒಗ್ಗುವುದಿಲ್ಲವೆಂದು ಅನ್ನ ಇಡುವ ಹೊತ್ತು ಬೆಳಿಗ್ಗೆ ಎಂಟಕ್ಕೆ ಬಂತು. ಬಟ್ಟೆ ಒಣಗಿಸುವ ತಂತಿಗೆ ನನ್ನ ಹಳೆಯ ಹಸಿರು ಸೀರೆ ಇಳಿಬಿಟ್ಟು ಅವಳಿಗೆ ಅಡಗುತಾಣವಾಯಿತು. ಮೂರು ಕಾಲಿನ ಸ್ಟ್ಯಾಂಡಿನ ಬದಲು ಕವುಚಿ ಹಾಕಿದ ಬಕೆಟ್ಟು, ಅದರ ಮೇಲೆ ನಮ್ಮ ಕಡೆ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗದ ಭತ್ತ ತುಂಬಿ ನಾನೇ ಹೊಲಿದ ದಿಂಬು, ದಿಂಬಿನ ಮೇಲೆ ಕ್ಯಾಮೆರಾ. ಕೂರಲು ನನ್ನ ಕಾಯಿ ತುರಿಯುವ ಮಣೆ, ಅಲಗು ಬಿಚ್ಚಿದ್ದು.

ಮೊದಮೊದಲು ಕಾಗೆಗಳು ಚೆನ್ನಾಗಿಯೇ ಬಂದವು, ಚೆನ್ನಾಗಿಯೇ ಉಂಡವು. ಆದರೆ ಉಣ್ಣುವ ಕಾಗೆಯ ಫೋಟೋದಲ್ಲಿ ಏನಿದೆ? ತಲೆ ಕೆಳಗೆ, ಬಾಲ ಮೇಲೆ. ರೆಕ್ಕೆ ಬಿಚ್ಚಿ ಹಾರುವ ಕ್ಷಣ ಬೇಕು ಎಂದಳು. ಕಾಗೆ ಯಾವಾಗ ಹಾರುತ್ತದೆ ಎಂದು ಅದಕ್ಕೇ ಗೊತ್ತಿರುವುದಿಲ್ಲ. ಆಗ ಮಗಳು ನನಗೊಂದು ಕೆಲಸ ಕೊಟ್ಟಳು. ನಾನು ಅಂಗಳದ ಮೂಲೆಯಲ್ಲಿ ನಿಲ್ಲಬೇಕು, ಕಾಗೆ ಅನ್ನಕ್ಕೆ ಬಾಯಿ ಹಾಕಿದ ಕೂಡಲೇ ಸೀರೆಯ ಒಳಗಿಂದ ಅವಳು "ಈಗ" ಎನ್ನುತ್ತಾಳೆ, ನಾನು ಒಮ್ಮೆ ಗಟ್ಟಿಯಾಗಿ ಕೈ ತಟ್ಟಬೇಕು. ನಮ್ಮ ಭಜನಾ ಮಂಡಳಿಯಲ್ಲಿ ತಾಳ ತಪ್ಪುವವಳೆಂದು ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಕಾಗೆಯ ವಿಷಯದಲ್ಲಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಎರಡು ತಿಂಗಳು ತಟ್ಟಿದೆ. ಕಡೆಗೆ ಒಂದು ಫೋಟೋ ಬಂತು ನೋಡಿ: ಎರಡೂ ರೆಕ್ಕೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ, ಕೊಕ್ಕಿನಿಂದ ಒಂದು ಅಗುಳು ಜಾರಿ ಗಾಳಿಯಲ್ಲಿ ನಿಂತಿದೆ. ಮಗಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ಉಣ್ಣಲು ಕೂತವರನ್ನು ಎಬ್ಬಿಸಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಪ್ರತಿ ಸಲವೂ ಕಾಗೆ ಹಾರಿದ ಮೇಲೆ ಇನ್ನೊಂದು ಮುಷ್ಟಿ ಅನ್ನ ಹೆಚ್ಚಿಗೆ ಹಾಕಿ ಒಳಗೆ ಬರುತ್ತಿದ್ದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಕಲ್ಲು ಖಾಲಿ. ಉಂಡು ಹೋದವು, ತಪ್ಪು ಮಾಫಾಯಿತು ಎಂದು ಸಂಜೆ ಒಂದು ಬೆರಳು ಮಡಿಸುತ್ತಿದ್ದೆ. ಆ ಅನ್ನವನ್ನೆಲ್ಲ ಪಕ್ಕದ ಮನೆಯ ಹೇಂಟೆ ಕೋಳಿ ತಿಂದು ಗುಂಡಗಾಗುತ್ತಿದೆ ಎಂಬುದು ನನಗೆ ಗೊತ್ತಾದದ್ದು ತಿಥಿಯ ದಿನ.

ಅತ್ತೆ ತೀರಿಕೊಂಡದ್ದು ನಮ್ಮ ಮನೆಯಲ್ಲೇ ಆದ್ದರಿಂದ ವರ್ಷದ ತಿಥಿಯೂ ಇಲ್ಲಿಯೇ. ಹೊನ್ನಾವರದಿಂದ ಇವರ ಅಣ್ಣ, ಅಂದರೆ ನನ್ನ ಭಾವ, ಹೆಂಡತಿಯೊಂದಿಗೆ ಬಂದಿದ್ದರು. ಜೊತೆಗೆ ನೆಂಟರು ಹತ್ತು ಹನ್ನೆರಡು ಮಂದಿ. ಭಾವನವರಿಗೆ ಹೊನ್ನಾವರ ಪೇಟೆಯಲ್ಲಿ ಬಟ್ಟೆ ಅಂಗಡಿ, ಮೈಯಲ್ಲಿ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಉಣ್ಣಲೇಬೇಕು ಎಂದು ಡಾಕ್ಟರರ ಕಟ್ಟಪ್ಪಣೆ. ಹನ್ನೆರಡೂವರೆಗೆ ಭಟ್ಟರ ಮಂತ್ರ ಮುಗಿಯಿತು. ಭಾವ ಒಳಗೆ ಹೋಗಿ ಸೂಜಿ ಚುಚ್ಚಿಕೊಂಡು ಬಂದರು. ಅತ್ತೆಗೆ ಪ್ರೀತಿಯ ಉದ್ದಿನ ವಡೆ, ಪಾಯಸ, ಅನ್ನ ಎಲ್ಲ ಬಡಿಸಿದ ಬಾಳೆ ಎಲೆಯನ್ನು ಬಾವಿ ಪಕ್ಕದ ಕಲ್ಲಿನ ಮೇಲಿಟ್ಟೆವು. ಕಾಗೆ ಮುಟ್ಟಬೇಕು, ಆಮೇಲೆ ನಮ್ಮೆಲ್ಲರ ಊಟ.

ನಾನು ಬೆಳಿಗ್ಗೆಯೇ ಹಸಿರು ಸೀರೆ ತೆಗೆದು ಮಡಿಸಿ, ಕ್ಯಾಮೆರಾವನ್ನು ಹಪ್ಪಳದ ಡಬ್ಬಿ ಸಮೇತ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕಾಗೆಗಳು ಎಂಟು ಹತ್ತು, ರಸ್ತೆಯಾಚೆಯ ತೆಂಗಿನ ಮರದಲ್ಲಿ ಕೂತು ಇತ್ತಲೇ ನೋಡುತ್ತಿದ್ದವು. ಒಂದೂ ಬರಲಿಲ್ಲ. ಒದ್ದೆ ಕೈ ತಟ್ಟಿ ಕಾಗೆಯನ್ನು ಕರೆಯುವುದು ಈ ಮನೆಯಲ್ಲಿ ಮಾವನವರ ಕಾಲದಿಂದ ಬಂದ ಪದ್ಧತಿ. ಭಾವ ಕೈ ಒದ್ದೆ ಮಾಡಿಕೊಂಡು, "ಕಾ... ಕಾ..." ಎಂದು ಕರೆದು ಮೂರು ಸಲ ತಟ್ಟಿದರು.

ಮರದಲ್ಲಿದ್ದ ಅಷ್ಟೂ ಕಾಗೆಗಳು ಒಟ್ಟಿಗೇ ಎದ್ದು ಅದರಾಚೆಯ ಮರಕ್ಕೆ ಹೋದವು.

ಮೇಘನಾಳ ಕಡೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಭಟ್ಕಳದವರು ಹೇಳಿದ ಆರು ತಿಂಗಳಿಗೆ ಇನ್ನು ಒಂಬತ್ತು ದಿನ ಬಾಕಿ ಇತ್ತು. ಒಂಬತ್ತು ದಿನ ಸುಮ್ಮನಿದ್ದರೆ ಕ್ಯಾಮೆರಾ ಉಳಿಯುತ್ತದೆ. ನಾನು ಸುಮ್ಮನಿದ್ದೆ.

ಒಂದು ಗಂಟೆಯಾಯಿತು. ಭಾವ ಮತ್ತೆ ತಟ್ಟಿದರು. ಕಾಗೆಗಳು ಇನ್ನೂ ಒಂದು ಮರ ಹಿಂದೆ ಸರಿದವು. ಪಕ್ಕದ ಮನೆಯ ಹೇಂಟೆ ಬೇಲಿ ನುಸುಳಿ, ದಿನದ ಅಭ್ಯಾಸದಂತೆ ನೇರ ಎಲೆಯ ಕಡೆಗೇ ಬಂತು. ಇವರು ಟವೆಲು ಬೀಸಿ ಓಡಿಸಿದರು. "ಇದೆಂತ ಇದು, ಗುರುತಿದ್ದವರ ಹಾಗೆ ಬತ್ತದಲ್ಲ!" ಎಂದರು. ನನ್ನ ಕಿವಿ ಬಿಸಿಯಾಗತೊಡಗಿತು.

"ಆಯಿಗೆ ಎಂತದೋ ಬೇಜಾರಾಗಿದೆ" ಎಂದರು ಭಾವ. ಕಾಗೆ ಬಾರದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದನ್ನು ನಡೆಸಿಕೊಡುತ್ತೇವೆಂದು ಒಬ್ಬೊಬ್ಬರೂ ಮಾತು ಕೊಡಬೇಕು. ಭಾವ ಮುಂದೆ ಹೋಗಿ, ನಶ್ಯ ಬಿಡುತ್ತೇನೆ ಎಂದರು. ಕಾಗೆ ಅಲುಗಲಿಲ್ಲ. ಇವರು, ಅತ್ತೆ ಇದ್ದಾಗಿನಿಂದ ಸೋರುತ್ತಿರುವ ಬಚ್ಚಲಿನ ಹಂಚಿನ ಮಾಡನ್ನು ಈ ವರ್ಷ ಸರಿಮಾಡಿಸುತ್ತೇನೆ ಎಂದರು. ಇವರ ಮಾತನ್ನು ಕಾಗೆಯೂ ನಂಬಲಿಲ್ಲ. ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತೇನೆ, ಕಣ್ಣು ಮುಚ್ಚಿ ಕೈ ಮುಗಿದು, "ಅತ್ತೇ, ನಿಮ್ಮ ಚಿನ್ನದ ಬಳೆ ಮೇಘನಾಗೆ ಕೊಡ್ತೆ" ಎಂದರು. ಕಾಗೆ ಬಂದ ಮೇಲೆ ಆ ಬಳೆಯ ಸುದ್ದಿ ಈವರೆಗೆ ಬಂದಿಲ್ಲ, ಅದು ಬೇರೆ ಮಾತು.

ಅಷ್ಟಾದ ಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. "ನೀ ಎಂತಾದ್ರೂ ಹೇಳೇ" ಎಂದರು ಅಕ್ಕ. "ತಲೆ ಮೇಲೆ ಸೆರಗು ಹಾಕ್ಕೋ ಅಂತ ಪಾಪ ಹೇಳಿ ಹೇಳಿಯೇ ಹೋದ್ರು. ಒಂದು ದಿನ ಕೇಳಿದ್ಯಾ?"

ಅದು ನಿಜ. ಅತ್ತೆ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ, ಮರಾಠಿ ಮಂದಿಯ ನಡುವೆ. ಹಿರಿಯರ ಎದುರು, ದೇವರ ಎದುರು ತಲೆಗೆ ಸೆರಗು ಇರಬೇಕು ಎಂದು ಅವರ ಹಟ. ನಮ್ಮ ಕಾಗಾಲದ ಕಡೆ ಅದಿಲ್ಲ, ನಾನು ಹಾಕುವುದಿಲ್ಲ ಎಂದು ನನ್ನ ಹಟ. ಇಬ್ಬರೂ ಜೋರು ಮಾತಾಡಿದವರಲ್ಲ. ಅವರು ದಿನಕ್ಕೊಮ್ಮೆ ಹೇಳುತ್ತಿದ್ದರು, ನಾನು ದಿನಕ್ಕೊಮ್ಮೆ ಸುಮ್ಮನಿರುತ್ತಿದ್ದೆ. ಆಗ ಆ ಅಂಗಳದಲ್ಲಿ ಸೆರಗು ಎಳೆದುಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಅಷ್ಟು ವರ್ಷ ಕಾದುಕೊಂಡು ಬಂದದ್ದನ್ನು, ಅದೂ ಕಾಗೆ ಬಾರದಿರುವುದಕ್ಕೆ ಕಾರಣ ಅದಲ್ಲವೆಂದು ಚೆನ್ನಾಗಿ ಗೊತ್ತಿರುವಾಗ, ಹತ್ತು ಜನರ ಮುಂದೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಭಕ್ತಿ ನನಗಿದೆ, ಅದರ ಪಕ್ಕದಲ್ಲೇ ಇದೂ ಇದೆ.

ಭಾವನ ಹಣೆಯಲ್ಲಿ ಬೆವರು ಕಂಡದ್ದು ಆಗ. ಒಂದೂಮುಕ್ಕಾಲು. ಜಗಲಿಯ ಕಂಬ ಹಿಡಿದುಕೊಂಡಿದ್ದರು, ಹಿಡಿದ ಬೆರಳುಗಳು ನಡುಗುತ್ತಿದ್ದವು. ನಾನು ಒಳಗೆ ಓಡಿ ಬೆಲ್ಲದ ನೀರು ಕದಡಿ ತಂದೆ.

"ಭಾವ, ಇದೊಂದು ಗುಟುಕು ಕುಡೀರಿ. ನೀರಷ್ಟೇ."

"ಬೇಡ. ಆಯಿ ಉಣ್ಣದೇ ನಾ ಎಂತದೂ ಮುಟ್ಟೂದಿಲ್ಲ."

"ಅಣ್ಣಾ, ಹಟ ಮಾಡಬೇಡ ಮಾರಾಯಾ. ಸೂಜಿ ತೊಗೊಂಡಿದ್ದಿ" ಎಂದು ಇವರು ಭುಜ ಹಿಡಿದರು. ಭಾವ ಕೈ ಕೊಡವಿಕೊಂಡು, ಚೊಂಬಿನ ನೀರಿನಲ್ಲಿ ಮತ್ತೊಮ್ಮೆ ಕೈ ಅದ್ದಿ, ತಟ್ಟಲು ಎತ್ತಿದರು. ಆ ಕೈಗಳು ಒಂದಕ್ಕೊಂದು ನೆಟ್ಟಗೆ ಕೂಡುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ನನ್ನ ನಿಯಮಕ್ಕೆ ನನಗೇ ನಾಚಿಕೆಯಾಯಿತು. ಕ್ಯಾಮೆರಾ ಹೋದರೆ ಹೋಗಲಿ.

"ಕೈ ತಟ್ಟಬೇಡಿ ಭಾವ" ಎಂದೆ.

"ಎಂತಕೆ?"

"ನಮ್ಮ ಕಾಗೆಗಳಿಗೆ ಕೈ ತಟ್ಟಿದ್ರೆ ಎದ್ದು ಓಡಬೇಕು ಅಂತ ಅಭ್ಯಾಸ ಆಗಿಹೋಗಿದೆ. ನಾನೇ ಮಾಡಿಸಿದ್ದು. ಎರಡು ತಿಂಗಳು."

ಸೀರೆ, ಬಕೆಟ್ಟು, ದಿಂಬು, ತಟ್ಟಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ಆಯಿದು ತಪ್ಪಲ್ಲ ದೊಡ್ಡಪ್ಪ, ನಾನೇ ಹೇಳಿದ್ದು" ಎಂದು ಮೇಘನಾ ಮುಂದೆ ಬಂದು ನನ್ನ ಪಕ್ಕ ನಿಂತಳು. ಇವರು ಒಳಗಿನ ಕಪಾಟಿನ ಕಡೆ ನೋಡಿದರು. ಆ ನೋಟದಲ್ಲಿ ಭಟ್ಕಳದ ಬಸ್ಸು ಹೊರಟಾಗಿತ್ತು. ಇನ್ನೊಂದು ಮನೆಗೆ ಹೋಗಬೇಕಾಗಿದ್ದ ಭಟ್ಟರು ಮಾತ್ರ ಜಗಲಿಯಲ್ಲಿ ಕೂತಲ್ಲಿಂದಲೇ, "ಕಾಗೆಗೆ ಮಂತ್ರ ಹೇಳಿ ಹೇಳಿ ನನ್ನ ತಲೆ ಹಣ್ಣಾತು. ತಾಳ ಕಲಿಸಿದವರನ್ನ ನಾ ಇವತ್ತೇ ನೋಡಿದ್ದು" ಎಂದರು.

ಮೇಘನಾ ಭಾವನ ಎದುರು ಹೋದಳು. "ದೊಡ್ಡಪ್ಪ, ಹತ್ತು ನಿಮಿಷ ಕೊಡಿ. ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಮಾತು ಬೇಡ, ಅಲುಗಾಟ ಬೇಡ. ಅಷ್ಟರಲ್ಲಿ ಬರ್ಲಿಲ್ಲ ಅಂದ್ರೆ ನೀವು ಬೆಲ್ಲದ ನೀರು ಕುಡೀಬೇಕು. ಆತಾ?" ಭಾವ ಅವಳ ಮುಖ ನೋಡಿದರು, ಎಲೆ ನೋಡಿದರು. "ಆತು" ಎಂದರು. ಆಮೇಲೆ ಅವಳು ನನ್ನ ಕಡೆ ತಿರುಗಿ, ಸ್ವಲ್ಪ ಮೆತ್ತಗೆ, "ಆಯಿ, ಕಾಗೆ ಮನುಷ್ಯರ ಮುಖ ನೆನಪಿಟ್ಟುಕೊಳ್ತದೆ. ನೀನು ಕಿಟಕಿಯಲ್ಲಿ ಕಂಡ್ರೂ ಬರೂದಿಲ್ಲ. ದೇವರ ಕೋಣೆಗೆ ಹೋಗು, ಕರೀದೇ ಹೊರಗೆ ಬರಬೇಡ" ಎಂದಳು.

ಹೀಗೆ, ಬೆಳಗಿನ ನಾಲ್ಕಕ್ಕೆ ಎದ್ದು ಒಬ್ಬಳೇ ಅಷ್ಟೂ ಅಡುಗೆ ಮಾಡಿದ ಸೊಸೆ ಅತ್ತೆಯ ತಿಥಿಯಿಂದ ಹೊರಗಾದಳು. ದೇವರ ಕೋಣೆಯ ಕತ್ತಲೆಯಲ್ಲಿ ಗೋಡೆಗೆ ಒರಗಿ ಕೂತೆ. ನಡುಮನೆಯಲ್ಲಿ ಹದಿನೈದು ಜನ ಇದ್ದರೂ ಗೋಡೆ ಗಡಿಯಾರದ ಶಬ್ದ ಕೇಳುತ್ತಿತ್ತು. ಒಬ್ಬರು ಕೆಮ್ಮಿದರು, ನಾಲ್ಕು ಮಂದಿ "ಶ್" ಎಂದರು. ಒಂದೂ ಹರಕೆ ಹೊರಲು ಧೈರ್ಯವಾಗಲಿಲ್ಲ. ತೆಂಗಿನಕಾಯಿ ಒಡೆಸುತ್ತೇನೆ ಎಂದರೆ ದೇವರು, ಮೊದಲು ಆ ಕೈ ತಟ್ಟಿದ್ದರ ಮಾತಾಡು ಎನ್ನುತ್ತಾನೇನೋ ಎಂದು ಭಯ. ಮಗಳು ದಿನಾ ಬೆಳಿಗ್ಗೆ ಆ ಸೀರೆಯ ಹಿಂದೆ ಸೊಳ್ಳೆ ಕಚ್ಚಿಸಿಕೊಂಡು ಹೀಗೆಯೇ ಕೂರುತ್ತಿದ್ದಳಲ್ಲ, ಎಷ್ಟು ಕಷ್ಟದ ವಿದ್ಯೆ ಇದು ಎಂದು ಮೊದಲ ಸಲ ಅನಿಸಿತು. ಭಾವನ ಉಸಿರು ಬಾಗಿಲ ಸಂದಿನಿಂದ ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಬೆಲ್ಲದ ನೀರಿನ ಲೋಟ ನನ್ನ ಕೈಯಲ್ಲೇ ಉಳಿದಿತ್ತು. ಹತ್ತು ನಿಮಿಷವಾಗಲಿ ಬಿಡಲಿ, ಎದ್ದು ಹೋಗಿ ಕುಡಿಸಿಯೇ ಬಿಡುತ್ತೇನೆ ಎಂದು ಏಳುವಷ್ಟರಲ್ಲಿ, ಬಾಗಿಲ ಸಂದಿಗೆ ಕಣ್ಣಿಟ್ಟಿದ್ದ ಭಾವನ ಪಿಸುಮಾತು ಇಡೀ ಮನೆಗೆ ಕೇಳಿತು.

"ಬಂತು... ಬಂತು... ವಡೆಗೇ ಬಾಯಿ ಹಾಕ್ತು! ಆಯೀ!"

ಮರುಕ್ಷಣವೇ, "ಮೇಘನಾ, ನಿನ್ನ ಕ್ಯಾಮೆರಾ ಎಲ್ಲದೆ? ಒಂದು ಫೋಟೋ ತೆಗಿಯೇ, ಮುಂಬಯಿಯ ಮಾಮನಿಗೆ ಕಳಿಸೂಕೆ ಬೇಕು!"

ಕ್ಯಾಮೆರಾ ಕಪಾಟಿನಲ್ಲಿ, ಕೀಲಿಕೈ ನನ್ನ ಸೊಂಟದಲ್ಲಿ, ನಾನು ಹೊರಗೆ ಬರುವ ಹಾಗಿಲ್ಲ. ಮೇಘನಾ ಸುಮ್ಮನೆ ನಿಂತು ನೋಡಿದಳಂತೆ. ಮೊದಲು ಒಂದು, ಆಮೇಲೆ ಮೂರು, ಎಲ್ಲವೂ ತಲೆ ಕೆಳಗೆ, ಬಾಲ ಮೇಲೆ. ಇಷ್ಟು ದಿನಗಳಲ್ಲಿ ತಾನು ನೋಡಿದ್ದರಲ್ಲಿ ಅದೇ ಚೆಂದದ್ದಾಗಿತ್ತು ಎಂದು ಆಮೇಲೆ ಹೇಳಿದಳು.

ಭಾವ ಮೊದಲು ಬೆಲ್ಲದ ನೀರು ಕುಡಿದರು, ಆಮೇಲೆ ಐದು ವಡೆ ತಿಂದರು. ಐದನೆಯದನ್ನು ತಿನ್ನುತ್ತ ಇವರಿಗೆ ಹೇಳಿದರು: "ಕ್ಯಾಮೆರಾ ಗಿಮೆರಾ ವಾಪಸ್ ಕೊಡೂಕೆ ಹೋಗಬೇಡ. ಬರೂ ವರ್ಷ ತಿಥಿಗೆ ಬೇಕದು. ಕೈ ತಟ್ಟೂದೊಂದು ನಿಲ್ಸಿ." ಇವರು ಆ ಒಂಬತ್ತು ದಿನ ಕಳೆಯುವವರೆಗೆ ಭಟ್ಕಳದ ಹೆಸರೆತ್ತಲಿಲ್ಲ. ಆ ಸಂಜೆ ದೀಪ ಹಚ್ಚಿ ಬೆರಳು ಮಡಿಸಲು ಕೂತರೆ ಎರಡು ಕೈಯೂ ಸಾಲಲಿಲ್ಲ.

ಈಗ ಕಾಗೆಗಳು ಮತ್ತೆ ಬರುತ್ತವೆ. ಕೈ ತಟ್ಟುವುದಿಲ್ಲ, ಹೇಂಟೆಗೆ ಬೇಲಿ ಕಟ್ಟಿಸಿದ್ದೇವೆ. ಮೇಘನಾ ಅನ್ನ ಇಟ್ಟರೆ ಬರುತ್ತವೆ, ಇವರು ಇಟ್ಟರೂ ಬರುತ್ತವೆ. ನಾನು ಇಟ್ಟರೆ ಮಾತ್ರ ತೆಂಗಿನ ಮರದಿಂದಲೇ ಕತ್ತು ವಾರೆ ಮಾಡಿ ನೋಡಿ, ಅಲ್ಲೇ ಕೂರುತ್ತವೆ. ಅತ್ತೆ ಕಲಿಸಿದ ಕೆಲಸವನ್ನು ಬೇರೆಯವರ ಕೈಗೆ ಬಿಡಲು ಮನಸ್ಸು ಒಪ್ಪಲಿಲ್ಲ. "ಮುಖ ಕಾಣದ ಹಾಗೆ ಹೋಗು ಆಯಿ" ಎಂದಳು ಮಗಳು. ಬೇರೆ ದಾರಿ ಕಾಣದೇ, ಒಂದು ದಿನ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗನ್ನು ತಲೆಯ ಮೇಲೆಳೆದು, ಹಣೆಯಿಂದ ಗಲ್ಲದವರೆಗೆ ಇಳಿಬಿಟ್ಟು, ತಲೆ ತಗ್ಗಿಸಿ ಹೋಗಿ ಕಲ್ಲಿನ ಮೇಲೆ ಅನ್ನ ಇಟ್ಟೆ.

ನಾನು ಇನ್ನೂ ಬಾವಿಕಟ್ಟೆಯ ಹತ್ತಿರ ಇರುವಾಗಲೇ ಒಂದು ಮುದಿ ಕಾಗೆ ಇಳಿದು ಬಂತು. ಎರಡು ಹೆಜ್ಜೆ ಹತ್ತಿರ ಕುಪ್ಪಳಿಸಿ, ಕತ್ತು ಎತ್ತಿ, ನನ್ನ ತಲೆಯ ಮೇಲಿನ ಸೆರಗನ್ನು ಬಹಳ ಹೊತ್ತು ನೋಡಿತು. ಆಮೇಲೆ ಅವಸರವಿಲ್ಲದೆ ಉಣ್ಣತೊಡಗಿತು. ಅಂದಿನಿಂದ ದಿನಾ ಮಧ್ಯಾಹ್ನ ಹಾಗೆಯೇ ಹೋಗುತ್ತೇನೆ. ಹೊನ್ನಾವರದ ಅಕ್ಕನಿಗೆ ಇದು ಇನ್ನೂ ಗೊತ್ತಿಲ್ಲ. ಅವರು ಕೇಳಿಲ್ಲ, ನಾನು ಹೇಳಿಲ್ಲ.